ಮುಕ್ಕಾಲು ಪಾಯಿಂಟಿನ ಕನ್ನಡಕ

ತಂಗಿಯ ಮಗನಿಗೆ ಆಗ ಐದು ವರ್ಷ ನಾಲ್ಕು ತಿಂಗಳು. ಯುಕೆಜಿ. ಶಾಲೆಯಲ್ಲಿ ಕಣ್ಣು ತಪಾಸಣೆ ಮಾಡಿದವರು ‘ದೂರದ್ದು ಸರಿಯಾಗಿ ಕಾಣುತ್ತಿಲ್ಲ, ತಜ್ಞರಿಗೆ ತೋರಿಸಿ’ ಎಂದು ಚೀಟಿ ಬರೆದು ಡೈರಿಯೊಳಗೆ ಇಟ್ಟು ಕಳಿಸಿದ್ದರು. ತಂಗಿ ಗಾಬರಿಯಾಗಿ ಅದೇ ಸಂಜೆ ಬಡಾವಣೆಯ ಕನ್ನಡಕದ ಅಂಗಡಿಗೆ ಹೋದಳು. ಗಲ್ಲ ಊರಿಸಿ ಒಳಗೆ ನೋಡುವ ಯಂತ್ರದ ಮುಂದೆ ಹುಡುಗನನ್ನು ಕೂರಿಸಿ, ರಸ್ತೆಯ ಕೊನೆಯಲ್ಲಿ ಕಾಣುವ ಬಲೂನನ್ನೇ ನೋಡು ಎಂದರು. ಅವನು ಆಸೆಯಿಂದ ನೋಡಿದ. ಬಸ್ ಟಿಕೆಟ್ಟಿನಂಥ ಕಾಗದ ಹೊರಬಂತು. ಎರಡೂ ಕಣ್ಣಿಗೆ ಮೈನಸ್ 1.75. ಫ್ರೇಮು ಆರಿಸಿ ಅಡ್ವಾನ್ಸ್ ಕೊಡುವ ಹೊತ್ತಿಗೆ ನನಗೆ ಫೋನ್ ಬಂತು. ‘ಅಕ್ಕಾ, ಇಷ್ಟು ಬೇಗ ಇವನಿಗೆ ಸೋಡಾಗ್ಲಾಸ್ ಬಂತಲ್ಲೇ’ ಎಂದು ಅವಳು ಅಳುತ್ತಿದ್ದಳು.

ನಾಲ್ಕು ದಿನ ಬಿಟ್ಟು ಮಕ್ಕಳ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಡ್ರಾಪ್ಸ್ ಹಾಕಿ ಮುಕ್ಕಾಲು ಗಂಟೆಗೂ ಹೆಚ್ಚು ಕೂರಿಸಿದರು. ಪಾಪೆ ಹಿಗ್ಗಿದ ಮೇಲೆ ಅರೆಗತ್ತಲ ಕೋಣೆಯಲ್ಲಿ ಗೆರೆಯಂಥ ಬೆಳಕು ಬೀರುವ ಟಾರ್ಚನ್ನು ಆಚೀಚೆ ಆಡಿಸುತ್ತ, ಒಂದೊಂದೇ ಗಾಜನ್ನು ಕಣ್ಣಿನ ಮುಂದೆ ಹಿಡಿದು ತೆಗೆದು ಲೆಕ್ಕ ಬರೆದರು. ಮೈನಸ್ 0.75. ಅಂಗಡಿಯ ಚೀಟಿಗಿಂತ ಪೂರ್ತಿ ಒಂದು ಡಯಾಪ್ಟರ್ ಕಡಿಮೆ. ‘ಈಗ ಕನ್ನಡಕ ಬೇಡ. ಆದರೆ ಆರು ತಿಂಗಳಿಗೆ ತಪ್ಪದೆ ಕರಕೊಂಡು ಬನ್ನಿ’ ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಮನೆಮಂದಿಯ ವಾದ ಶುರುವಾಯಿತು. ಪವರ್ ಇದೆ ಎಂದ ಮೇಲೆ ಕನ್ನಡಕ ಯಾಕೆ ಬೇಡ, ಹಾಕದಿದ್ದರೆ ಇನ್ನಷ್ಟು ಕೆಡುವುದಿಲ್ಲವೇ ಎಂದು ಹುಡುಗನ ಅಪ್ಪ ಕೇಳಿದ. ಒಮ್ಮೆ ಹಾಕಿದರೆ ಜೀವನಪೂರ್ತಿ ಬಿಡುವ ಹಾಗಿಲ್ಲ, ಬೇಡ ಅಂದಿದ್ದೇ ಒಳ್ಳೆಯದಾಯಿತು ಎಂದರು ಅಜ್ಜಿ. ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಡಾಕ್ಟರರನ್ನು ಕಂಡಲ್ಲಿ ಕೇಳಿದ್ದೇನೆ. ನನಗೆ ಮನವರಿಕೆಯಾದದ್ದು ಇಷ್ಟು. ‘ಕನ್ನಡಕ ಬೇಕೇ’ ಎಂದು ನಾವು ಕೇಳುವಾಗ ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಿರುತ್ತೇವೆ. ಮಗುವಿಗೆ ಇವತ್ತು ಕಾಣಬೇಕಾದದ್ದು ಕಾಣುತ್ತಿದೆಯೇ ಎಂಬುದು ಒಂದು. ಕಣ್ಣು ಬೆಳೆಯಬಾರದ ರೀತಿಯಲ್ಲಿ ಬೆಳೆಯುತ್ತಿದೆಯೇ ಎಂಬುದು ಇನ್ನೊಂದು. ಮಾಮೂಲಿ ಕನ್ನಡಕ ಮೊದಲನೆಯದಕ್ಕೆ ಮಾತ್ರ ಉತ್ತರ. ಎರಡನ್ನೂ ಕಲಸಿಕೊಂಡಿದ್ದರಿಂದಲೇ ನಮ್ಮ ಮನೆಯಲ್ಲಿ ಅಷ್ಟು ವಾದವಾಯಿತು, ಅಷ್ಟು ಕಣ್ಣೀರು ಬಂತು.

ಮೊದಲು ಆ ಒಂದು ಡಯಾಪ್ಟರ್ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಹೇಳಬೇಕು. ಮಗುವಿನ ಕಣ್ಣಿನ ಮಸೂರ ಬಹಳ ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಒಳಗಿನ ಸ್ನಾಯು ಬಿಗಿದು ಮಸೂರ ಉಬ್ಬುತ್ತದೆ. ಯಂತ್ರದೊಳಗಿನ ಬಲೂನು ದೂರದಲ್ಲಿರುವಂತೆ ಚಿತ್ರಿಸಿದ್ದರೂ, ಪೆಟ್ಟಿಗೆ ಮೂಗಿಗೆ ತಾಗುವಷ್ಟು ಹತ್ತಿರವಿದೆ ಎಂದು ಮಗುವಿಗೆ ಗೊತ್ತು. ಸ್ನಾಯು ಬಿಗಿಯುತ್ತದೆ, ಯಂತ್ರ ಆ ಬಿಗಿತವನ್ನೂ ಮೈನಸ್ ಎಂದೇ ಅಳೆಯುತ್ತದೆ. ಹೀಗಾಗಿ ಪ್ಲಸ್ ಇರುವ ಮಗುವಿನ ಚೀಟಿಯಲ್ಲೂ ಮೈನಸ್ ಬರಬಹುದು. ಡ್ರಾಪ್ಸ್ ಹಾಕುವುದು ಪಾಪೆ ಹಿಗ್ಗಿಸಿ ಒಳಗಿನ ಅಕ್ಷಿಪಟ ನೋಡುವುದಕ್ಕೆ ಮಾತ್ರವಲ್ಲ, ಈ ಸ್ನಾಯುವನ್ನು ಸ್ವಲ್ಪ ಹೊತ್ತು ಸಡಿಲಿಸುವುದಕ್ಕೂ ಹೌದು. ತೀರಾ ಚಿಕ್ಕವರಿಗೆ, ಮಾಲುಗಣ್ಣು ಇರುವವರಿಗೆ ಅಟ್ರೊಪಿನ್ ಮುಲಾಮನ್ನು ಮನೆಯಲ್ಲೇ ಕೆಲವು ದಿನ ಹಚ್ಚಿ ಕರೆತರಲು ಹೇಳುವುದೂ ಉಂಟು. ಕೆಲವು ದಿನ ಬಿಸಿಲು ಚುಚ್ಚುತ್ತದೆ, ಪುಸ್ತಕ ಮಸುಕಾಗುತ್ತದೆ. ಅಷ್ಟು ಕಷ್ಟಕ್ಕೆ ಹೆದರಿ ಈ ಪರೀಕ್ಷೆ ತಪ್ಪಿಸಬಾರದು. ಡ್ರಾಪ್ಸ್ ಹಾಕದೆ ಬರೆದ ಮೈನಸ್ ನಂಬರಿಗೆ ಸಣ್ಣ ಮಗುವಿನ ಮೂಗಿನ ಮೇಲೆ ಕನ್ನಡಕ ಕೂರಿಸಬೇಡಿ. ಈ ಮಾತನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ನಂಬರ್ ಅಂದರೆ ಏನು? ನಮ್ಮ ವಿಜ್ಞಾನದ ಪುಸ್ತಕಗಳು ಮಯೋಪಿಯಾವನ್ನು ಸಮೀಪದೃಷ್ಟಿ ಎನ್ನುತ್ತವೆ. ಕಾಣದ್ದಕ್ಕೆ ಇಟ್ಟ ಹೆಸರಲ್ಲ ಅದು, ಕಾಣುವುದಕ್ಕೆ ಇಟ್ಟದ್ದು. ಕೇಳಿದವರು ಹತ್ತಿರದ್ದು ಕಾಣುವುದಿಲ್ಲ ಎಂದು ತಿಳಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಡಾಕ್ಟರು ಡಯಾಪ್ಟರ್ ಎಂದು ಬರೆಯುವುದನ್ನು ನಾವು ಪವರ್, ಪಾಯಿಂಟ್, ನಂಬರ್ ಎನ್ನುತ್ತೇವೆ. ಅದರ ಹಿಂದಿನ ಲೆಕ್ಕ ಸುಲಭ. ಒಂದನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬರುವಷ್ಟು ಮೀಟರ್ ದೂರದವರೆಗೆ ಆ ಕಣ್ಣಿಗೆ ಎಲ್ಲವೂ ಸ್ಪಷ್ಟ. ಮೈನಸ್ 1 ಇದ್ದರೆ ಒಂದು ಮೀಟರ್, ಮೈನಸ್ 2 ಇದ್ದರೆ ಅರ್ಧ ಮೀಟರ್, ಮೈನಸ್ 0.5 ಇದ್ದರೆ ಎರಡು ಮೀಟರ್. ನಮ್ಮ ಹುಡುಗನ ಮುಕ್ಕಾಲಕ್ಕೆ ಸುಮಾರು 1.3 ಮೀಟರ್, ಅಂದರೆ ನಾಲ್ಕು ಅಡಿಗಿಂತ ಸ್ವಲ್ಪ ಹೆಚ್ಚು. ಅದರಾಚೆ ಕತ್ತಲೆಯೇನೂ ಕವಿಯುವುದಿಲ್ಲ. ಅಂಚುಗಳು ಕ್ರಮೇಣ ಮಸುಕಾಗುತ್ತ ಹೋಗುತ್ತವೆ. ಇಷ್ಟು ಪವರ್ ಇರುವ ಮಗು ಸಾಮಾನ್ಯವಾಗಿ ಕಣ್ಣಿನ ಪಟದಲ್ಲಿ 6/9 ಅಥವಾ 6/12ರ ಸಾಲಿನವರೆಗೆ ಓದುತ್ತದೆ.

ಈ ನಾಲ್ಕು ಅಡಿಯನ್ನು ಮಗುವಿನ ದಿನದೊಳಗೆ ಇಟ್ಟು ನೋಡಬೇಕು. ಮೂರು ವರ್ಷದ ಮಗುವಿನ ಜಗತ್ತು ಅಮ್ಮನ ಮುಖ, ತಟ್ಟೆ, ಗೊಂಬೆ, ನೆಲದ ಮೇಲಿನ ಇರುವೆ. ಎಲ್ಲವೂ ಕೈಗೆಟುಕುವ ದೂರ. ಅದಕ್ಕೇ ಅಮೆರಿಕದ ನೇತ್ರವೈದ್ಯರ ಅಕಾಡೆಮಿಯ ಮಾರ್ಗಸೂಚಿ ವಯಸ್ಸಿಗೊಂದು ಗಡಿ ಹಾಕಿದೆ. ಎರಡೂ ಕಣ್ಣು ಒಂದೇ ಸಮನಾಗಿದ್ದರೆ, ಒಂದು ವರ್ಷದೊಳಗಿನ ಕೂಸಿಗೆ ಮೈನಸ್ 5, ಒಂದರಿಂದ ಎರಡು ವರ್ಷದವರೆಗೆ 4, ಎರಡರಿಂದ ಮೂರರವರೆಗೆ 3, ಮೂರರಿಂದ ನಾಲ್ಕರವರೆಗೆ 2.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕನ್ನಡಕ ಕೊಡುವ ಯೋಚನೆ ಮಾಡಿ ಎನ್ನುತ್ತದೆ ಅದು. ಈ ಅಂಕಿಗಳು ಪ್ರಯೋಗ ಮಾಡಿ ಕಂಡುಕೊಂಡವಲ್ಲ, ಅನುಭವಿ ವೈದ್ಯರು ಕೂತು ಒಪ್ಪಿಕೊಂಡವು ಎಂಬುದನ್ನು ಮರೆಯಬಾರದು. ಆದರೂ ಅವುಗಳ ಹಿಂದಿನ ತರ್ಕ ಗಟ್ಟಿಯಾಗಿದೆ. ದೃಷ್ಟಿ ಮಂದವಾಗಿ ಮಿದುಳು ನೋಡುವುದನ್ನೇ ಕಲಿಯದೆ ಉಳಿಯುವ ಸೋಮಾರಿ ಕಣ್ಣಿನ ಭಯ ಚಿಕ್ಕ ಮಕ್ಕಳ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡದು. ಕಡಿಮೆ ಮೈನಸ್ ಎರಡೂ ಕಣ್ಣಿಗೆ ಸಮನಾಗಿದ್ದಾಗ ಆ ಭಯವಿಲ್ಲ, ಯಾಕೆಂದರೆ ಹತ್ತಿರದ ಎಲ್ಲವೂ ಸ್ಪಷ್ಟವಾಗಿ ಕಂಡು ಮಿದುಳಿಗೆ ಬೇಕಾದ ತರಬೇತಿ ಸಿಗುತ್ತಲೇ ಇರುತ್ತದೆ. ಪ್ಲಸ್ ಪವರ್ ಹೆಚ್ಚಿದ್ದರೆ, ಅಡ್ಡಪವರ್ ಅಂದರೆ ಸಿಲಿಂಡರ್ ಹೆಚ್ಚಿದ್ದರೆ ಕಥೆ ಬೇರೆ.

ನಾಲ್ಕು ವರ್ಷ ದಾಟಿದ ಮೇಲೆ ನಂಬರಿಗಿಂತ ಶಾಲೆಯ ಕೋಣೆ ಮುಖ್ಯವಾಗುತ್ತದೆ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ತರಗತಿಯನ್ನು ನೆನೆಸಿಕೊಳ್ಳಿ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ಗೋಡೆಯ ಬುಡದಲ್ಲಿ ತಮ್ಮ ಎತ್ತರಕ್ಕೇ ಬಳಿದ ಕಪ್ಪು ಪಟ್ಟಿಯ ಮೇಲೆ ಬರೆದು ಕಲಿಯುತ್ತಾರೆ. ಅಲ್ಲಿ ಮುಕ್ಕಾಲು ಡಯಾಪ್ಟರಿನ ಮಗುವಿಗೆ ಏನೂ ಕೊರತೆಯಾಗದು. ಅದೇ ಮಗು ನಾಲ್ಕನೇ ತರಗತಿಗೆ ಹೋಗಿ ಮೂರನೇ ಬೆಂಚಿನಲ್ಲಿ ಕೂತಾಗ ಬೋರ್ಡು ಹದಿನೈದು ಅಡಿ ದೂರ ಸರಿದಿರುತ್ತದೆ. ಕಣ್ಣು ಏನೂ ಬದಲಾಗಿಲ್ಲ, ಆದರೂ ಈಗ ಕನ್ನಡಕ ಬೇಕು. ಎಲ್‌ಕೆಜಿಯಿಂದಲೇ ಬೋರ್ಡಿನಿಂದ ನಕಲು ಮಾಡಿಸುವ ಶಾಲೆಯಾದರೆ ಆ ದಿನ ಮೊದಲೇ ಬರುತ್ತದೆ. ಆದ್ದರಿಂದ ಡಾಕ್ಟರ ಬಳಿ ಹೋಗುವ ಮುಂಚೆ ಮಗುವಿನ ಟೀಚರ ಹತ್ತಿರ ಹೋಗಿ. ಮಗು ಎಲ್ಲಿ ಕೂರುತ್ತದೆ, ಬೋರ್ಡಿನಲ್ಲಿ ಏನೇನು ಬರೆಸುತ್ತೀರಿ, ಪಕ್ಕದವರ ನೋಟ್‌ಬುಕ್ ನೋಡಿ ಬರೆಯುತ್ತಾನೆಯೇ, ಕಣ್ಣು ಕಿರಿದು ಮಾಡುತ್ತಾನೆಯೇ ಎಂದು ಕೇಳಿ. ಕಣ್ಣು ಕಿರಿದು ಮಾಡುವುದು ಚೇಷ್ಟೆಯಲ್ಲ. ಸಣ್ಣ ಕಿಂಡಿಯಿಂದ ಬರುವ ಬೆಳಕು ಹೆಚ್ಚು ಸ್ಪಷ್ಟ ಬಿಂಬ ಮೂಡಿಸುತ್ತದೆ ಎಂಬುದನ್ನು ಮಗು ತನಗೆ ತಾನೇ ಕಂಡುಕೊಂಡಿರುತ್ತದೆ. ಟಿವಿಯ ಹತ್ತಿರ ಹೋಗಿ ಕೂರುವುದು ಮಾತ್ರ ಅಷ್ಟು ನಂಬಬಹುದಾದ ಲಕ್ಷಣವಲ್ಲ. ಕಣ್ಣು ನೆಟ್ಟಗಿರುವ ಮಕ್ಕಳೂ ಹಾಗೆ ಕೂರುತ್ತಾರೆ.

ನಂಬರ್ ಕಡಿಮೆಯಿದ್ದರೂ ಕಾಯದೆ ಕನ್ನಡಕ ಕೊಡಬೇಕಾದ ಸಂದರ್ಭಗಳಿವೆ. ಒಂದು ಕಣ್ಣಿಗೂ ಇನ್ನೊಂದಕ್ಕೂ ಹೆಚ್ಚು ಅಂತರವಿದ್ದರೆ ಚೆನ್ನಾಗಿ ಕಾಣುವ ಕಣ್ಣೇ ಎಲ್ಲ ಕೆಲಸ ಮಾಡುತ್ತ ಇನ್ನೊಂದು ಹಿಂದೆ ಬೀಳಬಹುದು. ಆಯಾಸವಾದಾಗ, ಬಿಸಿಲಿಗೆ ಬಂದಾಗ ಒಂದು ಕಣ್ಣು ಹೊರಕ್ಕೆ ಜಾರುವ ಮಕ್ಕಳಿರುತ್ತಾರೆ. ಅಂಥವರಿಗೆ ಸಣ್ಣ ಮೈನಸ್ಸನ್ನೂ ಪೂರ್ತಿ ಕೊಟ್ಟರೆ ಎರಡು ಕಣ್ಣು ಒಟ್ಟಿಗೆ ನಿಲ್ಲುವುದಕ್ಕೆ ಆಸರೆಯಾಗುತ್ತದೆ. ದಿನ ತುಂಬುವ ಮೊದಲೇ ಹುಟ್ಟಿ ಅಕ್ಷಿಪಟದ ತೊಂದರೆ ಕಂಡಿದ್ದ ಮಕ್ಕಳ ಮೇಲೆ ಮೊದಲಿನಿಂದಲೇ ಕಣ್ಣಿಟ್ಟಿರಬೇಕು. ಇನ್ನು, ಕೆಲವೇ ದಿನಗಳಲ್ಲಿ ದೃಷ್ಟಿ ದಿಢೀರನೆ ಮಸುಕಾಗಿ, ಜೊತೆಗೆ ಬಾಯಾರಿಕೆ, ಪದೇಪದೇ ಮೂತ್ರ ಇದ್ದರೆ ಕನ್ನಡಕದ ಮಾತು ಬದಿಗಿಟ್ಟು ರಕ್ತದ ಸಕ್ಕರೆ ನೋಡಿಸಬೇಕು.

ಈಗ ಅಜ್ಜಿಯ ಮಾತಿಗೆ ಬರುತ್ತೇನೆ. ಹಾಕಿದರೆ ನಂಬರ್ ಏರುತ್ತದೆ ಎಂಬ ನಂಬಿಕೆ ಎಷ್ಟು ಆಳವಾಗಿದೆಯೆಂದರೆ, ಓದಿದವರ ಮನೆಯಲ್ಲೂ ಬರೆದುಕೊಟ್ಟ ಕನ್ನಡಕ ಡಬ್ಬಿಯಲ್ಲೇ ಉಳಿದಿರುತ್ತದೆ. ನಂಬಿಕೆಗೆ ಕಾರಣವೂ ಕಣ್ಣೆದುರೇ ಇದೆ. ಕನ್ನಡಕ ಬರುವ ವಯಸ್ಸು ಮತ್ತು ಕಣ್ಣು ಬೆಳೆಯುವ ವಯಸ್ಸು ಒಂದೇ. ಹಾಕಿದ ವರ್ಷ ಒಂದು, ಮರುವರ್ಷ ಒಂದೂವರೆ, ಅದರ ಮರುವರ್ಷ ಎರಡು. ಮಗುವಿನ ಚಪ್ಪಲಿಯ ಸೈಜೂ ವರ್ಷವರ್ಷ ಹೀಗೇ ಏರುತ್ತದೆ, ಚಪ್ಪಲಿ ಹಾಕಿದ್ದರಿಂದ ಪಾದ ಬೆಳೆಯಿತು ಎಂದು ಯಾರೂ ಅನ್ನುವುದಿಲ್ಲ. ಇನ್ನೊಂದು ಕಾರಣ, ಸ್ಪಷ್ಟವಾದದ್ದನ್ನು ಒಮ್ಮೆ ಕಂಡ ಮಗುವಿಗೆ ಕನ್ನಡಕ ತೆಗೆದ ಕೂಡಲೇ ಮಸುಕು ಮೊದಲಿಗಿಂತ ಹೆಚ್ಚಾಯಿತು ಅನ್ನಿಸುತ್ತದೆ. ಮಸುಕು ಇದ್ದಷ್ಟೇ ಇದೆ, ಅದಕ್ಕೆ ಈಗ ಗೊತ್ತಾಗಿದೆ ಅಷ್ಟೇ.

ಆದರೆ ಈ ಅನುಮಾನ ಬರೀ ಮನೆಮಾತಲ್ಲ, ವಿಜ್ಞಾನಿಗಳಿಗೂ ಇತ್ತು. ಕೋಳಿಮರಿಗಳ ಕಣ್ಣಿಗೆ ಮಸೂರ ಕಟ್ಟಿ ಮಾಡಿದ ಪ್ರಯೋಗಗಳು, ಬಿಂಬ ಅಕ್ಷಿಪಟದ ಹಿಂದೆ ಬಿದ್ದರೆ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದು ಅದನ್ನು ಹಿಡಿಯಲು ಹೋಗುತ್ತದೆ ಎಂದು ತೋರಿಸಿದವು. ಹಾಗಾದರೆ ಸ್ವಲ್ಪ ಕಡಿಮೆ ಪವರ್ ಕೊಟ್ಟು ಬಿಂಬವನ್ನು ಮುಂದೆಯೇ ನಿಲ್ಲಿಸಿದರೆ ಬೆಳವಣಿಗೆ ನಿಧಾನವಾದೀತೇ ಎಂಬ ಆಸೆ ಹುಟ್ಟಿತು. ಎಷ್ಟೋ ವರ್ಷ ವೈದ್ಯರು ಬೇಕೆಂದೇ ಕಾಲು, ಅರ್ಧ ಡಯಾಪ್ಟರ್ ಕಡಿಮೆ ಬರೆಯುತ್ತಿದ್ದರು. ಮಲೇಷ್ಯಾದಲ್ಲಿ 9ರಿಂದ 14 ವರ್ಷದ 94 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪೂರ್ತಿ, ಇನ್ನೊಂದಕ್ಕೆ ಸುಮಾರು 0.75 ಕಡಿಮೆ ಪವರ್ ಕೊಟ್ಟು ಎರಡು ವರ್ಷ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಎಣಿಸಿದ್ದಕ್ಕೆ ತದ್ವಿರುದ್ಧವಾಗಿತ್ತು. ಕಡಿಮೆ ಕೊಟ್ಟವರಲ್ಲಿ ಮೈನಸ್ ಒಂದು ಡಯಾಪ್ಟರ್ ಏರಿತ್ತು, ಪೂರ್ತಿ ಕೊಟ್ಟವರಲ್ಲಿ 0.77 ಮಾತ್ರ. 2006ರ ಇಸ್ರೇಲಿನ ಅಧ್ಯಯನದಲ್ಲೂ ಅರ್ಧ ಡಯಾಪ್ಟರ್ ಕಡಿಮೆ ಕೊಟ್ಟದ್ದರಿಂದ ಲಾಭವೇನೂ ಸಿಗಲಿಲ್ಲ. ಇಷ್ಟಾದರೂ ಪ್ರಶ್ನೆ ಮುಗಿಯಲಿಲ್ಲ. ಚೀನಾದ 12 ವರ್ಷದ ಮಕ್ಕಳನ್ನು ನೋಡಿದ 2017ರ ಅಧ್ಯಯನದಲ್ಲಿ ಕನ್ನಡಕವೇ ಇಲ್ಲದವರ ನಂಬರ್, ಪೂರ್ತಿ ಪವರ್ ಹಾಕಿದವರಿಗಿಂತ ನಿಧಾನವಾಗಿ ಏರಿತ್ತು. ಆದರೆ ಆ ಮಕ್ಕಳನ್ನು ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ. ಯಾರು ಕನ್ನಡಕ ಹಾಕಿದ್ದರು, ಯಾರು ಹಾಕಿರಲಿಲ್ಲ ಎಂಬುದು ಅವರವರ ಮನೆಯ ನಿರ್ಧಾರ. ಅಂಥಲ್ಲಿ ಬೇರೆ ಕಾರಣಗಳು ನುಸುಳಿರುತ್ತವೆ.

ಎಲ್ಲವನ್ನೂ ತೂಗಿ ನೋಡಿದರೆ ಎರಡು ಮಾತು ಹೇಳಬಹುದು. ಬೋರ್ಡು ಕಾಣದ ಮಗುವಿಗೆ ‘ನಂಬರ್ ಏರೀತು’ ಎಂದು ಕನ್ನಡಕ ತಪ್ಪಿಸುವುದಕ್ಕೆ ಆಧಾರವಿಲ್ಲ. ಕೊಡುವುದಾದರೆ ಪೂರ್ತಿ ನಂಬರನ್ನೇ ಕೊಡಬೇಕು, ಅರ್ಧಂಬರ್ಧ ಕೊಟ್ಟು ಉಪಯೋಗವಿಲ್ಲ. ಹಾಗೆಯೇ ಎಲ್ಲವೂ ಕಾಣುತ್ತಿರುವ ಮಗುವಿಗೆ ‘ಈಗಲೇ ಹಾಕಿದರೆ ಅಲ್ಲಿಗೇ ನಿಲ್ಲುತ್ತದೆ’ ಎಂದು ಮಾಮೂಲಿ ಗಾಜು ಕೂರಿಸುವುದಕ್ಕೂ ಆಧಾರವಿಲ್ಲ. ಅಜ್ಜಿ ಹೇಳಿದ್ದೂ ತಪ್ಪು, ಹುಡುಗನ ಅಪ್ಪ ಹೇಳಿದ್ದೂ ತಪ್ಪು.

ಎರಡನೇ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿದ್ದು. ಕೂಸು ಹುಟ್ಟುವಾಗ ಕಣ್ಣಿನ ಉದ್ದ ಸುಮಾರು 16–17 ಮಿಲಿಮೀಟರ್, ದೊಡ್ಡವರಲ್ಲಿ 23–24. ಬಹುಪಾಲು ಮಕ್ಕಳು ಹುಟ್ಟುವುದು ಪ್ಲಸ್ ಪವರಿನೊಂದಿಗೆ. ಕಣ್ಣು ಬೆಳೆದಂತೆ ಪ್ಲಸ್ ಕರಗುತ್ತ ಬರುತ್ತದೆ. ಪ್ಲಸ್ ಅಂದರೆ ಒಂದು ರೀತಿಯಲ್ಲಿ ಕೂಡಿಟ್ಟ ಗಂಟು. ಆರನೇ ವಯಸ್ಸಿನಲ್ಲಿ ಡ್ರಾಪ್ಸ್ ಹಾಕಿ ನೋಡಿದಾಗ ಪ್ಲಸ್ 0.75ಕ್ಕಿಂತ ಕಡಿಮೆ ಉಳಿದಿದ್ದರೆ ಮುಂದೆ ಮೈನಸ್ ಬರುವ ಸಾಧ್ಯತೆ ಹೆಚ್ಚು ಎಂದು 2015ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ಹೇಳಿತು. ಹಾಗಿರುವಾಗ ಐದನೇ ವಯಸ್ಸಿಗೇ ಮೈನಸ್ 0.75 ಅಂದರೆ ಗಂಟು ಖಾಲಿಯಾಗಿ ಸಾಲ ಶುರುವಾಗಿದೆ ಎಂದರ್ಥ. ಅಲ್ಲಿಂದ ಮುಂದೆ ಕಣ್ಣು ಒಂದು ಮಿಲಿಮೀಟರ್ ಹೆಚ್ಚು ಉದ್ದವಾದರೂ ಸುಮಾರು ಎರಡೂವರೆಯಿಂದ ಮೂರು ಡಯಾಪ್ಟರ್ ಏರುತ್ತದೆ. ಚಿಕ್ಕ ವಯಸ್ಸಿನಲ್ಲಿ ಶುರುವಾದಷ್ಟೂ ಏರುವುದಕ್ಕೆ ವರ್ಷಗಳು ಹೆಚ್ಚು ಸಿಗುತ್ತವೆ. ಹದಿನೈದಕ್ಕೆ ಬಂದ ಮೈನಸ್ 0.75 ಮತ್ತು ಐದಕ್ಕೆ ಬಂದ ಮೈನಸ್ 0.75 ಚೀಟಿಯಲ್ಲಿ ಒಂದೇ ಥರ ಕಂಡರೂ ಬೇರೆ ಬೇರೆ ಸಂಗತಿಗಳು. ಮೈನಸ್ 6 ದಾಟಿದ ಕಣ್ಣಿನಲ್ಲಿ ಅಕ್ಷಿಪಟ ಎಳೆದಂತಾಗಿ ತೆಳುವಾಗುತ್ತದೆ. ಅದು ಕಳಚಿಕೊಳ್ಳುವ, ನಡುಭಾಗ ಹಾಳಾಗುವ, ಗ್ಲಾಕೋಮ ಬರುವ ಅಪಾಯ ಏರುತ್ತದೆ. ಒಂದೇ ಒಂದು ಡಯಾಪ್ಟರ್ ಏರದಂತೆ ತಡೆದರೂ ಅಕ್ಷಿಪಟದ ನಡುಭಾಗ ಹಾಳಾಗುವ ಸಾಧ್ಯತೆ ಶೇಕಡಾ 40ರಷ್ಟು ತಗ್ಗುತ್ತದೆ ಎಂದು 2019ರಲ್ಲಿ ಲೆಕ್ಕ ಹಾಕಿದ್ದಾರೆ.

ತಡೆಯುವುದು ಹೇಗೆ? ಎಲ್ಲಕ್ಕಿಂತ ಅಗ್ಗದ ಮದ್ದು ಅಂಗಳದಲ್ಲಿದೆ. ಸಿಡ್ನಿ ಮತ್ತು ಸಿಂಗಪುರದಲ್ಲಿ ಬೆಳೆಯುವ ಚೀನೀ ಮೂಲದ ಆರು, ಏಳು ವರ್ಷದ ಮಕ್ಕಳನ್ನು ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಸಿಂಗಪುರದಲ್ಲಿ ಶೇಕಡಾ 29.1 ಮಕ್ಕಳಿಗೆ ಮೈನಸ್, ಸಿಡ್ನಿಯಲ್ಲಿ 3.3. ಸಿಡ್ನಿಯ ಮಕ್ಕಳು ಓದಿದ್ದು ಕಡಿಮೆಯೇನಲ್ಲ, ವಾರಕ್ಕೆ ಹೆಚ್ಚೇ ಪುಸ್ತಕ ಓದುತ್ತಿದ್ದರು. ಆದರೆ ಅವರು ವಾರಕ್ಕೆ 13.75 ಗಂಟೆ ಬಯಲಿನಲ್ಲಿರುತ್ತಿದ್ದರು, ಸಿಂಗಪುರದವರು 3.05 ಗಂಟೆ. ಆಮೇಲೆ ಚೀನಾದ ಗುವಾಂಗ್‌ಝೌ ನಗರದಲ್ಲಿ ಹನ್ನೆರಡು ಶಾಲೆಗಳ ಒಂದನೇ ತರಗತಿಯ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಕಳಿಸಿದರು. ಮೂರು ವರ್ಷದ ಹೊತ್ತಿಗೆ ಹೊರಗೆ ಹೋದವರಲ್ಲಿ ಶೇಕಡಾ 30.4, ಮಿಕ್ಕವರಲ್ಲಿ 39.5 ಮಕ್ಕಳಿಗೆ ಹೊಸದಾಗಿ ಮೈನಸ್ ಬಂದಿತ್ತು. ತರಗತಿಯ ಕೋಣೆಯಲ್ಲಿ ಬೆಳಕು ಮುನ್ನೂರು, ಐನೂರು ಲಕ್ಸ್ ಇದ್ದರೆ ಹಗಲಿನ ಬಯಲಿನಲ್ಲಿ ಹತ್ತು ಸಾವಿರ ದಾಟುತ್ತದೆ. ಆ ಬೆಳಕಿಗೆ ಅಕ್ಷಿಪಟದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಾಗಿ ಕಣ್ಣಿನ ಉದ್ದನೆಯ ಬೆಳವಣಿಗೆಗೆ ತಡೆ ಬೀಳುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಆಟವೇ ಆಡಬೇಕೆಂದಿಲ್ಲ, ಬಿಸಿಲಿನಲ್ಲೇ ನಿಲ್ಲಬೇಕೆಂದೂ ಇಲ್ಲ, ಹೊಂಗೆ ಮರದ ನೆರಳಾದರೂ ನಡೆಯುತ್ತದೆ.

ದಿಲ್ಲಿಯ ಶಾಲಾ ಮಕ್ಕಳನ್ನು ನೋಡಿ 2015ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆ, 5ರಿಂದ 15 ವರ್ಷದವರಲ್ಲಿ ಶೇಕಡಾ 13.1ರಷ್ಟು ಮಂದಿಗೆ ಮೈನಸ್ ಇದೆ ಎಂದಿತು. ವಾರಕ್ಕೆ ಹದಿನಾಲ್ಕು ಗಂಟೆಗಿಂತ ಹೆಚ್ಚು ಹೊರಗೆ ಆಡುವವರಲ್ಲಿ ಅದು ಕಡಿಮೆಯಿತ್ತು. ಹದಿನಾಲ್ಕು ಗಂಟೆ ಅಂದರೆ ದಿನಕ್ಕೆ ಎರಡು. ಬೆಳಗ್ಗೆ ಏಳೂವರೆಗೆ ವ್ಯಾನ್ ಹತ್ತಿ ಸಂಜೆ ಟ್ಯೂಷನ್ ಮುಗಿಸಿ ಬರುವ ಯುಕೆಜಿ ಮಗುವಿಗೆ ಆ ಎರಡು ಗಂಟೆ ಎಲ್ಲಿಂದ ತರುವುದು? ಆಟದ ಬಯಲಿಲ್ಲದ ಶಾಲೆಗೆ ಮಗುವನ್ನು ಸೇರಿಸುವಾಗ ನಾವು ಅದರ ಕಣ್ಣಿನ ಮೇಲೂ ಒಂದು ನಿರ್ಧಾರ ಮಾಡಿರುತ್ತೇವೆ. ಇದನ್ನು ಹೇಳುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಬಯಲಿನ ಗುಣ ಮೈನಸ್ ಬರುವುದನ್ನು ಮುಂದೂಡುವುದರಲ್ಲಿ ಹೆಚ್ಚು, ಬಂದ ಮೇಲೆ ಏರುವುದನ್ನು ತಡೆಯುವುದರಲ್ಲಿ ಅಷ್ಟು ಗಟ್ಟಿಯಲ್ಲ. ಅದಕ್ಕೇ ಇನ್ನೂ ಕನ್ನಡಕ ಬಾರದ ತಮ್ಮ, ತಂಗಿಯರನ್ನು ಮೊದಲು ಹೊರಗೆ ಕಳಿಸಿ.

ಹೊನಗೊನ್ನೆ ಸೊಪ್ಪು, ನುಗ್ಗೆ ಸೊಪ್ಪು, ಕ್ಯಾರೆಟ್ಟು ಎಲ್ಲವನ್ನೂ ತಿನ್ನಿಸೋಣ. ಎ ವಿಟಮಿನ್ ಕೊರತೆಯಿಂದ ಬರುವ ಇರುಳುಗಣ್ಣಿಗೆ ಅವು ಬೇಕು. ಉದ್ದವಾದ ಕಣ್ಣುಗುಡ್ಡೆಯನ್ನು ಗಿಡ್ಡ ಮಾಡುವ ಸೊಪ್ಪಾಗಲಿ, ಕಣ್ಣಿನ ವ್ಯಾಯಾಮವಾಗಲಿ ಇಲ್ಲ.

ಔಷಧಿಯಲ್ಲಿ ಹೆಸರಾದದ್ದು ಅಟ್ರೊಪಿನ್ ಹನಿ, ಬಹಳ ತೆಳು ಮಾಡಿದ್ದು. ಸಿಂಗಪುರ ಮತ್ತು ಹಾಂಗ್‌ಕಾಂಗಿನ ಪ್ರಯೋಗಗಳು ಇದಕ್ಕೆ ದಾರಿ ಮಾಡಿದವು. ಹಾಂಗ್‌ಕಾಂಗಿನಲ್ಲಿ 4ರಿಂದ 12 ವರ್ಷದ ಮಕ್ಕಳಿಗೆ ರಾತ್ರಿ ಮಲಗುವಾಗ ಶೇಕಡಾ 0.05ರ ಹನಿ ಹಾಕಿದಾಗ ಒಂದು ವರ್ಷದಲ್ಲಿ ನಂಬರ್ ಏರಿದ್ದು 0.27, ಬರೀ ನೀರಿನಂಥ ಹನಿ ಹಾಕಿದವರಲ್ಲಿ 0.81. ಇನ್ನೂ ತೆಳುವಾದ ಶೇಕಡಾ 0.01ರ ಹನಿಯಿಂದ ಭಾರತದ ಮಕ್ಕಳಲ್ಲಿ ಏರಿಕೆ ತಗ್ಗಿತು ಎಂದು 2021ರಲ್ಲಿ ವರದಿಯಾಯಿತು. ಅಮೆರಿಕದಲ್ಲಿ ಅದೇ ಪ್ರಮಾಣದಿಂದ ಏನೂ ಪ್ರಯೋಜನ ಕಾಣಲಿಲ್ಲ ಎಂದು 2023ರಲ್ಲಿ ಬಂತು. ಅಂದರೆ ದಾರಿ ಸಿಕ್ಕಿದೆ, ಅಳತೆ ಇನ್ನೂ ಪೂರ್ತಿ ಕುದುರಿಲ್ಲ. ಇನ್ನು ಗಾಜಿನಲ್ಲೇ ಹೊಸ ಬಗೆ ಬಂದಿದೆ. ನಡುವೆ ಪೂರ್ತಿ ಪವರ್, ಸುತ್ತ ಜೇನುಗೂಡಿನಂತೆ ನೂರಾರು ಸಣ್ಣ ಮಸೂರಗಳು. ಹಾಂಗ್‌ಕಾಂಗಿನ 8ರಿಂದ 13 ವರ್ಷದ ಮಕ್ಕಳಲ್ಲಿ ಎರಡು ವರ್ಷ ನೋಡಿದಾಗ ಇದರಿಂದ ಏರಿಕೆ ಅರ್ಧಕ್ಕಿಳಿಯಿತು. ಮಾಮೂಲಿ ಗಾಜಿಗಿಂತ ಇದರ ಬೆಲೆ ಹಲವು ಪಟ್ಟು ಹೆಚ್ಚು. ಐದು ವರ್ಷದ ಮಗುವಿಗೆ ಮೊದಲ ದಿನವೇ ಇದನ್ನು ಕೊಳ್ಳಿ ಎಂದು ಯಾರಾದರೂ ಒತ್ತಾಯಿಸಿದರೆ, ಇದರ ನಂಬರ್ ಏರುತ್ತಿದೆ ಎಂಬುದಕ್ಕೆ ನಿಮ್ಮ ಬಳಿ ಎರಡು ಅಳತೆ ಇದೆಯೇ ಎಂದು ಕೇಳಿ. ಒಂದು ಅಳತೆಯಿಂದ ಕಣ್ಣು ಎಲ್ಲಿದೆ ಎಂದು ಮಾತ್ರ ಗೊತ್ತಾಗುತ್ತದೆ, ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ತಿಳಿಯಬೇಕಾದರೆ ಆರು ತಿಂಗಳ ಅಂತರದ ಇನ್ನೊಂದು ಬೇಕು. ಅಪ್ಪ ಅಮ್ಮ ಇಬ್ಬರಿಗೂ ದಪ್ಪ ಮೈನಸ್ ಇದ್ದು, ಮಗು ತೀರಾ ಚಿಕ್ಕದಾಗಿದ್ದರೆ ಮಾತ್ರ ಡಾಕ್ಟರು ಅಷ್ಟು ಕಾಯದೆ ಇರಬಹುದು, ಅದು ಸರಿಯೇ.

ಹೀಗಾಗಿ ‘ಈಗ ಕನ್ನಡಕ ಬೇಡ’ ಎಂಬುದು ಮನೆಗೆ ಹೋಗಿ ಮರೆತುಬಿಡಿ ಎಂಬ ಮಾತಲ್ಲ. ಅದರ ಅರ್ಧ ಭಾಗ ಮುಂದಿನ ತಾರೀಕು. ನಮ್ಮಲ್ಲಿ ತಪ್ಪುವುದು ಇಲ್ಲೇ. ಬೇಡ ಎಂದ ಸಂತೋಷದಲ್ಲಿ ಮೂರು ವರ್ಷ ಕಳೆದು, ಹೈಸ್ಕೂಲಿಗೆ ಬರುವ ಹೊತ್ತಿಗೆ ಮೈನಸ್ 4 ಆಗಿ ಬಂದ ಮಕ್ಕಳ ಕಥೆ ಪ್ರತಿ ಡಾಕ್ಟರ ಬಳಿಯೂ ಇದೆ.

ಬೇಕು ಎಂದಾದ ಮೇಲೂ ಕೆಲಸ ಮುಗಿಯುವುದಿಲ್ಲ. ಶಾಲೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಕಣ್ಣು ನೋಡುತ್ತವೆ, ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಕನ್ನಡಕ ಸಿಗುತ್ತದೆ, ರಾಜ್ಯದ ಆಶಾಕಿರಣ ಯೋಜನೆ ಮನೆಬಾಗಿಲಿಗೇ ತಪಾಸಣೆ ತಂದಿತು. ಆದರೆ ಕೊಟ್ಟದ್ದು ಮಗುವಿನ ಮುಖದ ಮೇಲೆ ಉಳಿಯಬೇಕು. ಪುಣೆ ಜಿಲ್ಲೆಯ ಶಾಲೆಗಳಲ್ಲಿ ಕನ್ನಡಕ ಕೊಟ್ಟ ಮೇಲೆ ಹೋಗಿ ನೋಡಿದಾಗ ಹಾಕಿಕೊಂಡಿದ್ದವರು ಮೂವರಲ್ಲಿ ಒಬ್ಬರಿಗಿಂತ ಕಡಿಮೆ. ಒಡೆದಿತ್ತು, ಕಳೆದಿತ್ತು, ಗೆಳೆಯರು ಆಡಿಕೊಂಡರು, ಮನೆಯವರು ಬೇಡ ಎಂದರು. ಹೆಣ್ಣುಮಕ್ಕಳಾದರೆ ಮದುವೆಯ ಮಾತು ಐದನೇ ವಯಸ್ಸಿಗೇ ಎದ್ದುಬಿಡುತ್ತದೆ. ಇನ್ನೊಂದು ಕಡೆ, ಚೀನಾದ ಹಳ್ಳಿಗಳ ಇನ್ನೂರೈವತ್ತಕ್ಕೂ ಹೆಚ್ಚು ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉಚಿತ ಕನ್ನಡಕ ಪಡೆದ ಮಕ್ಕಳ ಗಣಿತದ ಅಂಕ ಉಳಿದವರಿಗಿಂತ ಏರಿತು. ಲೆಕ್ಕ ಬಾರದ ಹುಡುಗ ಎಂದು ನಾವು ಕೈಬಿಟ್ಟವರಲ್ಲಿ ಬೋರ್ಡು ಕಾಣದವರೂ ಇದ್ದಿರಬೇಕಲ್ಲ!

ನಮ್ಮ ಹುಡುಗನನ್ನು ಆರಾರು ತಿಂಗಳಿಗೆ ತೋರಿಸುತ್ತ ಬಂದೆವು. 0.75 ಒಂದು ವರ್ಷ ಅಲ್ಲೇ ನಿಂತಿತ್ತು. ಎರಡನೇ ತರಗತಿಯ ಮಧ್ಯದಲ್ಲಿ ಮೈನಸ್ 1.25 ಆಯಿತು, ಕಣ್ಣಿನ ಉದ್ದವನ್ನೂ ಅಳೆದರು. ಅದೇ ವಾರ ಟೀಚರು, ಇವನು ಬೋರ್ಡು ಬಿಟ್ಟು ಪಕ್ಕದವಳ ಪುಸ್ತಕ ನೋಡುತ್ತಾನೆ ಎಂದಿದ್ದರು. ಇನ್ನು ಹಾಕೋಣ ಎಂದರು ಡಾಕ್ಟರು. ಶಾಲೆಯಲ್ಲಿ, ಆಟದಲ್ಲಿ ಹಾಕಲಿ, ಓದುವಾಗ ತೆಗೆದಿಟ್ಟರೂ ಚಿಂತೆಯಿಲ್ಲ ಎಂದರು.

ಅಂಗಡಿಯಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ಫ್ರೇಮಿಗೆ. ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ ಎಂದು ಅವರಪ್ಪ ಹೇಳಿದ. ದೊಡ್ಡದಾದರೆ ಮೂಗಿನ ಮೇಲಿಂದ ಜಾರುತ್ತದೆ, ಮಗು ಮೇಲಿನ ಅಂಚಿನಿಂದ ಇಣುಕಿ ನೋಡಲು ಶುರುಮಾಡುತ್ತದೆ, ಆಗ ಹಾಕಿದ್ದೂ ಒಂದೇ, ಹಾಕದಿದ್ದೂ ಒಂದೇ ಎಂದು ಅಂಗಡಿಯ ಹಿರಿಯರು ತಿಳಿಸಿ ಹೇಳಿದರು. ಕಡ್ಡಿಯ ತುದಿಯನ್ನು ಬಿಸಿ ಮಾಡಿ ಕಿವಿಯ ಹಿಂದೆ ಬಗ್ಗಿಸಿ, ತಲೆ ಅಲ್ಲಾಡಿಸು ನೋಡೋಣ ಎಂದು ಎರಡೆರಡು ಸಲ ನೋಡಿದರು. ಗಾಜು ಬೇಡ, ಬಿದ್ದರೆ ಚೂರಾಗದ ಪಾಲಿಕಾರ್ಬೊನೇಟ್ ಹಾಕಿ ಎಂದು ಕೇಳಿ ಪಡೆದೆವು. ಹಿಂದೆ ಒಂದು ಎಲಾಸ್ಟಿಕ್ ಪಟ್ಟಿ.

ಮನೆಗೆ ಬಂದವನು ನೇರ ತಾರಸಿಗೆ ಹೋದ. ಅಲ್ಲಿಂದ ಕೂಗಿದ, ‘ದೊಡ್ಡಮ್ಮಾ, ನೀರಿನ ಟ್ಯಾಂಕಿನ ಮೇಲೆ ಒಂದಲ್ಲ, ಎರಡು ಕಾಗೆ ಇದೆ.’ ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನೋಡಿ ಹೌದು ಎಂದರು. ತಂಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಮುಂದಿನ ತಪಾಸಣೆಯ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದಳು.